ಲಾರಿಯ ಬಾಯಿ ಮುಚ್ಚಿಸಿದ್ದು

ಮದುವೆಯಾದ ಲಾಗಾಯ್ತು ಟೈಲರಮ್ಮನಿಗೆ ಗಂಡನ ಮೇಲಿದ್ದದ್ದು ಒಂದೇ ತಕರಾರು: ಈ ಮನುಷ್ಯ ಮಾತಿಗೆ ಸಿಗುವುದಿಲ್ಲ. ಲಾರಿ ಹತ್ತಿ ಹೋದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಬಂದನೆಂದರೆ ಸ್ನಾನ, ಊಟ, ನಿದ್ದೆ. ಎದ್ದ ಮೇಲಾದರೂ ಎರಡು ಮಾತಾಡಿಯಾನು ಎಂದು ಅವಳು ಚಹಾ ಲೋಟ ಹಿಡಿದು ಎದುರಿಗೆ ಕುಳಿತರೆ, "ಹೂಂ, ಎಲ್ಲ ಸರಿ ಹೋಯ್ತು" ಎಂದಷ್ಟೇ ಹೇಳಿ, ಲೋಟ ಖಾಲಿ ಮಾಡಿ, ಟೈರು ನೋಡಲು ಹೊರಟುಬಿಡುತ್ತಿದ್ದ. ಟೈರಿಗಿರುವ ಭಾಗ್ಯ ತನಗಿಲ್ಲ ಎಂದು ಅವಳು ಬಟ್ಟೆ ಹೊಲಿಸಲು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ನಗುವುದೇನೋ ನಿಜ, ಆದರೆ ಒಳಗೊಳಗೇ ಅದು ಚುಚ್ಚುತ್ತಿತ್ತು.

ಅವಳೋ ಮಾತಿನಮಲ್ಲಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುವವಳು. ಅಳತೆ ಕೊಟ್ಟು ಹೋಗೋಣ ಎಂದು ಬಂದವರು ಅವಳ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕುಳಿತು ಒಲೆಯ ಮೇಲಿಟ್ಟು ಬಂದದ್ದನ್ನೂ ಮರೆಯುತ್ತಿದ್ದರು. ಅಂಥವಳಿಗೆ ಅಂಥ ಗಂಡ ಸಿಕ್ಕಿದ್ದು ಯಾರ ತಪ್ಪೂ ಅಲ್ಲ, ಹಾಗೇ ಆಗುತ್ತದೆ.

ಮಗಳ ಮದುವೆಯಾಗಿ ಮನೆಯ ಜವಾಬ್ದಾರಿ ಹಗುರಾದ ವರ್ಷವೇ ಲಾರಿಯ ಕ್ಲೀನರ್ ತನ್ನದೇ ಒಂದು ವ್ಯಾನು ಕೊಂಡು ಬೇರೆಯಾದ. ಡ್ರೈವರನ ಪಕ್ಕದ ಸೀಟು ಖಾಲಿ ಬಿತ್ತು. ಗಂಡ ಹೊಸಬರನ್ನು ಹುಡುಕಬೇಕು ಎನ್ನುತ್ತಿದ್ದಾಗ ಟೈಲರಮ್ಮ ಕತ್ತರಿ ಕೆಳಗಿಟ್ಟು ಹೇಳಿದಳು.

"ಯಾರನ್ನೂ ಹುಡುಕಬೇಡಿ. ನಾನು ಬರ್ತೀನಿ."

ಗಂಡ ಮರುದಿನ ಬೆಳಗ್ಗೆ ಲಾರಿಯನ್ನು ಎರಡೆರಡು ಸಲ ತೊಳೆದ. ಒಂದು ಸಲ ತೊಳೆದದ್ದನ್ನು ಮತ್ತೆ ಯಾಕೆ ತೊಳೆಯುತ್ತಿದ್ದೀಯ ಎಂದು ಅವನ ತಾಯಿ ಕೇಳಿದ್ದಕ್ಕೆ, "ಧೂಳಿದೆ" ಎಂದ. ಧೂಳೆಲ್ಲಿತ್ತು? ಮನುಷ್ಯನಿಗೆ ಖುಷಿಯಾಗಿತ್ತು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ.

ಆ ಮೊದಲ ಪ್ರಯಾಣ ಮಾತ್ರ ಹೇಳತೀರದು. ಲಾರಿ ಹಳೆಯದು. ಅದರ ಇಂಜಿನ್ನು ಇರುವುದೇ ಎರಡು ಸೀಟುಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಗಂಡ ಹೆಂಡತಿಯ ನಡುವೆ ಅದು ಸವತಿಯ ಹಾಗೆ ಕಾಲು ಚಾಚಿ ಕುಳಿತು, ಹೊರಟಲ್ಲಿಂದ ನಿಂತಲ್ಲಿಯವರೆಗೆ ತಾನೊಂದೇ ಮಾತಾಡಿತು. ಬಾಗಿಲು ಗಡಗಡ, ನೆಲ ಬಡಬಡ, ನೆತ್ತಿಯ ಮೇಲಿನ ತಗಡು ಜಣಜಣ. ಟೈಲರಮ್ಮ ಗಂಟಲು ಹರಿದುಕೊಂಡು ಕೂಗಿದಳು. ಗಂಡ ಎಲ್ಲದಕ್ಕೂ ತಲೆಯಾಡಿಸಿದ. ಮಗಳು ಫೋನು ಮಾಡಿದ್ದಳು ಎಂದಳು, ತಲೆಯಾಡಿಸಿದ. ಹಸಿವಾಗುತ್ತಿದೆ ಎಂದಳು, ತಲೆಯಾಡಿಸಿ ಹೋಟೆಲು ದಾಟಿ ಮುಂದೆ ಹೋದ. ಕೊನೆಗೆ ಪರೀಕ್ಷೆ ಮಾಡೋಣವೆಂದು, "ನಿಮ್ಮ ಲಾರಿಗೆ ಬೆಂಕಿ ಹಾಕ" ಎಂದಳು. ಅದಕ್ಕೂ ಬಹಳ ಪ್ರೀತಿಯಿಂದ ತಲೆಯಾಡಿಸಿದ.

ಮನೆಗೆ ಬಂದಾಗ ಅವಳ ಗಂಟಲು ಪೂರ್ತಿ ಕೂತುಹೋಗಿತ್ತು. ಬಟ್ಟೆ ಹೊಲಿಸಲು ಬಂದವರಿಗೆ ಕೈಸನ್ನೆಯಲ್ಲೇ ಉತ್ತರ. ಅತ್ತೆ ಬಾಗಿಲಲ್ಲಿ ಕುಳಿತು ಇಡೀ ಬೀದಿಗೆ ಸಾರಿದರು: "ನನ್ನ ಸೊಸೆ ಸುಮ್ಮನಿದ್ದಾಳೆ, ನೋಡಬೇಕಾದವರು ಬಂದು ನೋಡ್ಕೊಂಡು ಹೋಗಿ."

ಧ್ವನಿ ಮರಳಿ ಬಂದ ದಿನ ಟೈಲರಮ್ಮ ಗಂಡನನ್ನು ಎದುರು ಕೂರಿಸಿಕೊಂಡಳು.

"ನೋಡಿ, ನಾನು ಬರೋದು ಆ ಸೀಟಿನ ಮೇಲೆ ಮೂಟೆ ಥರ ಕೂರೋಕಲ್ಲ. ನಿಮ್ಮ ಹತ್ರ ಮಾತಾಡೋಕೆ. ಇನ್ನೊಂದೇ ಒಂದು ಸಲ ಬರ್ತೀನಿ. ಆಗಲೂ ಹೀಗೇ ಆದ್ರೆ ನನ್ನ ಪಾಡಿಗೆ ನಾನು ಮಿಷನ್ ತುಳ್ಕೊಂಡಿರ್ತೀನಿ. ಆಮೇಲೆ ಕರೀಬೇಡಿ."

"ಸರಿ," ಎಂದ ಗಂಡ. ಮುಖ ಸಣ್ಣದಾಯಿತು.

ಅವಳು ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಲಾರಿಯ ಸದ್ದು ಒಂದು ನೆವ ಮಾತ್ರವೋ ಏನೋ ಎಂಬ ಹೆದರಿಕೆ ಅವಳಿಗಿತ್ತು. ಸದ್ದು ನಿಂತ ಮೇಲೂ ಈತನ ಹತ್ತಿರ ತನಗೆ ಹೇಳುವಂಥದ್ದು ಏನೂ ಇಲ್ಲದಿದ್ದರೆ?

ಟೈಲರಮ್ಮನ ತಮ್ಮನದು ಕುಶನ್ ಅಂಗಡಿ. ಸೀಟು ಹೊಲಿಯುವುದು, ಗಾಡಿಗಳ ಒಳಗೆ ಬಟ್ಟೆ ರೆಕ್ಸಿನ್ನು ಹಾಕುವುದು ಅವನ ಕೆಲಸ. ಚಿಕ್ಕಂದಿನಿಂದ ಗುಂಡಗುಂಡಗೆ ಮೆತ್ತಗಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಸ್ಪಂಜು. ಭಾವ ಬಂದು ಹೀಗ್ಹೀಗೆ ಎಂದು ಹೇಳಿದ್ದೇ ತಡ, ಸ್ಪಂಜು ಅಂಗಡಿಯಲ್ಲಿದ್ದ ಒಂದೊಂದು ತುಂಡನ್ನೂ ಚೀಲಕ್ಕೆ ತುಂಬಿಕೊಂಡು ಸಂಜೆಗೇ ಅಕ್ಕನ ಮನೆಗೆ ಬಂದ. ಮೊಟ್ಟೆಯ ತಟ್ಟೆಯಂತೆ ಉಬ್ಬುತಗ್ಗಿನ ದಪ್ಪ ಫೋಮು. ಕಂಬಳಿಯಂಥ ಗಟ್ಟಿ ಫೆಲ್ಟು. ರಬ್ಬರಿನ ಹಾಸು. ಆಮೇಲೆ ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಬದಿ ಅಂಟಂಟಾದ ಕಪ್ಪು ಹಾಳೆ. ಅಂಗೈಯಗಲದ ತುಂಡೇ ಕೈ ಜಗ್ಗುವಷ್ಟು ಭಾರ.

"ಇದ್ಯಾಕೋ ಹೀಗೆ ಹೆಣಭಾರ ಇದೆ?" ಎಂದಳು ಅಕ್ಕ.

"ಅದು ಕರಿ ಹಾಳೆ. ತಗಡಿಗೆ ಅಂಟಿಸ್ತಾರೆ. ನಾನು ಜಾಸ್ತಿ ತರಿಸಲ್ಲ, ಹೊತ್ತು ಹೊತ್ತು ಸೊಂಟ ಬಿದ್ದುಹೋಗುತ್ತೆ. ನನ್ನ ಕೇಳಿದ್ರೆ ಫೋಮೇ ಸರಿ. ಎಲ್ಲರೂ ಅದನ್ನೇ ಕೇಳೋದು."

ಎಲ್ಲರೂ ಕೇಳುವುದನ್ನು ಕೊಂಡರೆ ಅವಳು ಟೈಲರಮ್ಮ ಹೇಗಾದಾಳು? ಬಟ್ಟೆಯನ್ನು ಒಗೆದು ನೋಡದೆ ಕತ್ತರಿ ಹಾಕಿದವಳಲ್ಲ. ಪರೀಕ್ಷೆಯಾಗಲೇಬೇಕು ಎಂದಳು. ಎಣ್ಣೆಯ ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು, ಒಂದೊಂದರ ಒಳಗೂ ಒಂದೊಂದು ಬಗೆಯದನ್ನು ಹೊದಿಸಿದರು. ಅಲಾರಾಂ ಗಡಿಯಾರಕ್ಕೆ ಕೀ ಕೊಟ್ಟು, ಬಡಿದುಕೊಳ್ಳಲು ಶುರುವಾದ ಕೂಡಲೇ ಅದನ್ನು ಒಂದೊಂದು ಡಬ್ಬಕ್ಕೂ ಇಳಿಬಿಟ್ಟು ಮೇಲೆ ಹಲಗೆ ಮುಚ್ಚುವುದು. ತೀರ್ಪು ಕೊಡಲು ಅತ್ತೆಯನ್ನು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿಸಿ ಕೂರಿಸಿದರು. ಅತ್ತೆಯ ಕಿವಿ ಬೇರೆ ಹೊತ್ತಿನಲ್ಲಿ ಸ್ವಲ್ಪ ಮಂದ. ತಮ್ಮ ಬಗ್ಗೆ ಯಾರಾದರೂ ಮಾತಾಡಿದರೆ ಮಾತ್ರ ಮೂರನೇ ಮನೆಯಿಂದಲೂ ಕೇಳಿಸುತ್ತಿತ್ತು.

"ಕೇಳಿಸ್ತಾ ಅತ್ತೆ?"

"ಕೇಳಿಸ್ತು. ತಲೆ ಚಿಟ್ಟು ಹಿಡೀತು. ಮುಂದಿನದು ಹಾಕು."

ಅದು ರಬ್ಬರಿನದು. ಫೆಲ್ಟಿನದೂ ಕೇಳಿಸಿತು. ಕರಿ ಹಾಳೆಯ ಡಬ್ಬದಿಂದಂತೂ ಗಂಟೆ ಚೆನ್ನಾಗಿಯೇ ಕೇಳಿಸಿತು. ಫೋಮಿನ ಡಬ್ಬಕ್ಕೆ ಇಳಿಸಿದಾಗ ಮಾತ್ರ ಪಕ್ಕದ ಕೋಣೆಯಿಂದ ಉತ್ತರವೇ ಬರಲಿಲ್ಲ. ಹೋಗಿ ನೋಡಿದರೆ ಅತ್ತೆ, "ಯಾಕೆ, ನಿಲ್ಲಿಸಿಬಿಟ್ರಾ?" ಎಂದರು. ಸ್ಪಂಜು ತಾನೇ ಫೋಮು ಕಂಡುಹಿಡಿದವನ ಹಾಗೆ ಎದೆಯುಬ್ಬಿಸಿದ.

"ಹಾಗೇ ನನ್ನ ಸೊಸೆ ಬಾಯಿಗೂ ಒಂದು ತುಂಡು ಕತ್ತರಿಸಿಟ್ಟಿರಪ್ಪ," ಎಂದರು ಅತ್ತೆ.

"ಅಷ್ಟು ಮಾಲು ಅವನ ಅಂಗಡೀಲಿ ಇಲ್ಲ ಬಿಡಿ," ಎಂದಳು ಸೊಸೆ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡ ಕೂಡ ನಕ್ಕಿದ್ದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಅವನು ನಕ್ಕರೆ ಅವಳಿಗೆ ಈಗಲೂ ಕೆನ್ನೆ ಬಿಸಿಯಾಗುತ್ತಿತ್ತು.

ಸರಿ, ಲಾರಿಗೆ ಫೋಮು ಹೊಕ್ಕಿತು. ಬಾಗಿಲಿಗೆ ಫೋಮು, ಬೆನ್ನ ಹಿಂದಿನ ಗೋಡೆಗೆ ಫೋಮು, ನೆತ್ತಿಗೆ ಫೋಮು. ಇಂಜಿನ್ ಮುಚ್ಚಳ ಕಾಯುತ್ತದೆ, ಅಲ್ಲಿ ಫೋಮು ಅಪಾಯ ಎಂದು ಅಷ್ಟನ್ನು ಬಿಟ್ಟರು. ಒಳಗೆ ಕುಳಿತರೆ ಹಾಸಿಗೆಯ ಅಂಗಡಿಯಲ್ಲಿ ಕುಳಿತ ಹಾಗಿತ್ತು. ಸ್ಪಂಜು ಸೀಟಿನ ಹಿಂದಿನ ಮಲಗುವ ಬರ್ತಿನಲ್ಲಿ ಕಾಲು ನೀಡಿದ. ಊರಿನ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ನೋಡೋಣ, ಇದು ಲೆಕ್ಕಕ್ಕಿಲ್ಲ, ಬರೀ ಪರೀಕ್ಷೆ ಎಂದು ಟೈಲರಮ್ಮ ಮೊದಲೇ ಹೇಳಿಕೊಂಡಳು.

ಲಾರಿ ವೇಗ ಹಿಡಿಯಿತು. ಜಣಜಣ ನಿಂತಿತ್ತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. "ರೀ, ನೋಡಿದ್ರಾ" ಎಂದಳು. ಆ ಮಾತು ತನ್ನ ಕಿವಿಗೇ ಬೀಳಲಿಲ್ಲ. ಮತ್ತೆ ಹೇಳಿದಳು. ಬಾಯಿಂದ ಹೊರಟದ್ದು ಹೊರಟಂತೆಯೇ ಫೋಮಿನೊಳಗೆ ಹೋಗಿ ಮಲಗಿಬಿಡುತ್ತಿತ್ತು. ಇತ್ತ ಕೆಳಗಿನಿಂದ ಬರುವ ಗುಂಯ್ ಎನ್ನುವ ದಪ್ಪ ಸದ್ದು, ಪಕ್ಕೆಲುಬಿನವರೆಗೆ ನಡುಗಿಸುವ ಅದೇ ಹಳೆಯ ಸದ್ದು, ಒಂದು ಕೂದಲೂ ಕೊಂಕದೆ ಹಾಗೇ ಇತ್ತು. ಕಿರುಗುಟ್ಟುವ ಸಣ್ಣ ಸದ್ದನ್ನೆಲ್ಲ ಫೋಮು ನುಂಗಿತ್ತು, ಜೊತೆಗೆ ಅವಳ ಧ್ವನಿಯನ್ನೂ ನುಂಗಿತ್ತು. ಲಾರಿಯನ್ನು ಸುಮ್ಮನಾಗಿಸಲು ಹೋಗಿ ಅವಳನ್ನೇ ಸುಮ್ಮನಾಗಿಸಿದ್ದರು. ಗಂಡ ತಿರುಗಿ ನೋಡಿ ಬಹಳ ಪ್ರೀತಿಯಿಂದ ತಲೆಯಾಡಿಸಿದ.

ಹಿಂದೆ ತಿರುಗಿದರೆ ಸ್ಪಂಜು ಗೊರಕೆ ಹೊಡೆಯುತ್ತಿದ್ದ. ಆ ಗೊರಕೆಯೂ ಕೇಳಿಸುತ್ತಿರಲಿಲ್ಲ, ಹೊಟ್ಟೆ ಏರಿಳಿಯುವುದಷ್ಟೇ ಕಾಣುತ್ತಿತ್ತು.

ಆ ಸಂಜೆ ಟೈಲರಮ್ಮ ಮುಖ ಊದಿಸಿಕೊಂಡು ಮಿಷನ್ನಿನ ಮುಂದೆ ಕುಳಿತಳು. ನಾಡಿದ್ದು ಕಾಗದದ ದೊಡ್ಡ ಉರುಳೆಗಳ ಲೋಡು ಹೊರಡುವುದಿತ್ತು. ಅದೇ ಆ ಇನ್ನೊಂದು ಸಲ. ತಾನು ಬಾಯಿಬಿಟ್ಟು ಹೇಳಿಬಿಟ್ಟ ಮಾತು, ಈಗ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಅಂಗಳದಲ್ಲಿ ಗಂಡ ಫೋಮು ಕೀಳುತ್ತಿದ್ದ. ಕೀಳುವ ಕೈಯಲ್ಲಿ ಜೀವವೇ ಇರಲಿಲ್ಲ. ಅವಳಿಗೆ ಅಯ್ಯೋ ಅನಿಸಿತು.

ಸಿಟ್ಟಿನಲ್ಲಿ ಜೋರಾಗಿ ತುಳಿದಿದ್ದಕ್ಕೆ ಮಿಷನ್ನಿನ ಹಲಗೆ ಗರ್ ಎಂದು ನಡುಗತೊಡಗಿತು. ಮೇಲಿದ್ದ ಕತ್ತರಿ ಕುಣಿಯಿತು, ಗುಂಡಿಗಳ ಬಟ್ಟಲು ಕುಣಿಯಿತು. ಅವಳು ಎಂದಿನಂತೆ, ನೋಡದೆಯೇ ಕೈ ಚಾಚಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಲಗೆಯ ಮೇಲಿಟ್ಟಳು. ಸದ್ದು ನಿಂತಿತು. ಇನ್ನೂ ಎರಡು ಗೇಣು ಹೊಲಿಗೆ ಓಡಿತು. ಆಮೇಲೆ ಅವಳ ಕಾಲು ತಾನಾಗಿಯೇ ನಿಂತಿತು.

ಇಸ್ತ್ರಿಪೆಟ್ಟಿಗೆ ಎತ್ತಿದಳು, ತುಳಿದಳು, ಗರ್. ಇಟ್ಟಳು, ತುಳಿದಳು, ಸುಮ್ಮನೆ. ನಡುಗುವುದರ ಮೇಲೆ ಮೆತ್ತಗಿನದನ್ನು ಹೊದಿಸಿದರೆ ಅದು ಹೊದಿಕೆಯ ಕೆಳಗೇ ನಡುಗುತ್ತದೆ. ಭಾರ ಹೇರಿದರೆ ನಡುಗುವುದನ್ನೇ ಬಿಡುತ್ತದೆ. ವರ್ಷಗಟ್ಟಲೆ ಕೈಗೆ ಗೊತ್ತಿದ್ದದ್ದು ತಲೆಗೆ ಈಗ ಹತ್ತಿತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಎದೆಗವಚಿಕೊಂಡು ಅಂಗಳಕ್ಕೆ ನಡೆದಳು.

"ರೀ, ಸ್ಟಾರ್ಟ್ ಮಾಡಿ."

"ಇಸ್ತ್ರಿಪೆಟ್ಟಿಗೆ ಯಾಕೆ?"

"ನಿಮ್ಮ ಲಾರಿಗೆ ಇಸ್ತ್ರಿ ಮಾಡ್ತೀನಿ. ಸ್ಟಾರ್ಟ್ ಮಾಡಿ ಅಂದ್ರೆ ಮಾಡಿ."

ಇಂಜಿನ್ನು ಗುಡುಗುಟ್ಟಿತು. ಅವಳು ಕ್ಯಾಬಿನ್ನಿನೊಳಗೆ ಮಂಡಿಯೂರಿ ಒಂದೊಂದು ತಗಡಿಗೂ ಅಂಗೈ ಒತ್ತಿ ನೋಡಿದಳು. ಕೆಲವು ಕಡೆ ತಗಡು ಸುಮ್ಮನಿತ್ತು, ಕೆಲವು ಕಡೆ ಅಂಗೈ ಜುಮ್ಮೆಂದಿತು. ಜುಮ್ಮೆಂದಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಸದ್ದು ತಗ್ಗಿತು. ಬಾಗಿಲಿಗೆ ಇಡಲಾಗದು, ಬೆನ್ನು ಕೊಟ್ಟು ಒತ್ತಿ ನಿಂತಳು, ಅಲ್ಲೂ ತಗ್ಗಿತು. ಸೆರಗಿನ ಗಂಟಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಅಂಗೈ ಜುಮ್ಮೆಂದ ಕಡೆಯಲ್ಲೆಲ್ಲ ಗೀಟು ಹಾಕುತ್ತ ಹೋದಳು. ಗಂಡ ಸ್ಟೀರಿಂಗ್ ಹಿಡಿದುಕೊಂಡು ತನ್ನ ಲಾರಿಗೆ ಅಳತೆ ತೆಗೆಯುವ ಹೆಂಡತಿಯನ್ನು ಕಣ್ಣು ಮಿಟುಕಿಸದೆ ನೋಡಿದ.

ಬೆಳಿಗ್ಗೆ ಸ್ಪಂಜು ಬಂದು ಸೀಮೆಸುಣ್ಣದ ಗೀಟುಗಳನ್ನು ನೋಡಿ ತಲೆ ಕೆರೆದುಕೊಂಡ.

"ಅಲ್ಲೆಲ್ಲ ಆ ಕರಿ ಹಾಳೆ ಅಂಟಿಸು," ಎಂದಳು ಅಕ್ಕ.

"ಅಕ್ಕ, ಡಬ್ಬದಲ್ಲಿ ಅದು ಫೇಲ್ ಆಗಿತ್ತಲ್ಲ."

"ಡಬ್ಬದಲ್ಲಿ ಗಡಿಯಾರ ಇತ್ತು ಕಣೋ, ಇಲ್ಲಿ ಇಂಜಿನ್ ಇದೆ. ಗಡಿಯಾರದ ಜೊತೆ ಪ್ರಯಾಣ ಹೋಗೋದಾದ್ರೆ ನಿನ್ನ ಫೋಮೇ ಸರಿ."

ಕೆಲಸ ಹಿಡಿದ ಮೇಲೆ ಸ್ಪಂಜು ಕಸುಬುದಾರನೇ, ಅದರಲ್ಲಿ ಎರಡು ಮಾತಿಲ್ಲ. ಹಾಳೆಯನ್ನು ಎಲ್ಲ ಕಡೆ ಮೆತ್ತಬೇಕಿಲ್ಲ, ತಗಡಿನ ನಡುಭಾಗಕ್ಕೆ ಗಟ್ಟಿಯಾಗಿ ಹಿಡಿಸಿದರೆ ಸಾಕು ಎಂದ. ಕೈಯಲ್ಲಿ ಹಿಡಿಯುವ ಸಣ್ಣ ರೋಲರನ್ನು ಅದರ ಮೇಲೆ ಹೊರಳಿಸಿ ಹೊರಳಿಸಿ ಗಾಳಿ ಉಳಿಯದ ಹಾಗೆ ಅಂಟಿಸಿದ. ಬೆರಳ ಗೆಣ್ಣಿನಿಂದ ಬಾಗಿಲು ಬಡಿದರೆ ಮೊದಲು ಡಣ್ ಎನ್ನುತ್ತಿದ್ದದ್ದು ಈಗ ಧಪ್ ಎಂದಿತು. ಬಿಸಿ ತಡೆಯುವ ಫೆಲ್ಟನ್ನು ಇಂಜಿನ್ ಮುಚ್ಚಳಕ್ಕೆ ಹೊದಿಸಿದ, ನೆಲಕ್ಕೆ ರಬ್ಬರು ಹಾಸಿದ, ನೆತ್ತಿಯ ಬಟ್ಟೆಯ ಹಿಂದೆ ಮಾನ ಉಳಿಸಿಕೊಳ್ಳಲು ಒಂದು ತೆಳು ಫೋಮು ಸೇರಿಸಿದ. ಟೈಲರಮ್ಮ ನೆಲಕ್ಕೆ ಬಗ್ಗಿ, ಗೇರ್ ಕಡ್ಡಿಯ ಬುಡದಲ್ಲಿ ಹಗಲಿನ ಬೆಳಕು ಇಣುಕುವುದನ್ನು ಕಂಡಳು. ಬೆಳಕು ನುಗ್ಗುವಲ್ಲಿ ಸದ್ದು ನುಗ್ಗದೆ ಇರುತ್ತದೆಯೇ? ರೆಕ್ಸಿನ್ನಿಗೆ ಫೆಲ್ಟಿನ ಒಳಪದರ ಕೊಟ್ಟು ಗೇರ್ ಕಡ್ಡಿಗೊಂದು ನೆರಿಗೆಯ ಲಂಗ ಹೊಲಿದಳು. ಅತ್ತೆ ಬಂದು ನೋಡಿ, "ನನಗೆ ಹೊಲಿದಿದ್ದಕ್ಕಿಂತ ಇದಕ್ಕೇ ಚೆನ್ನಾಗಿ ಹೊಲಿದಿದ್ದೀಯ" ಎಂದು ಮೂಗು ಮುರಿದರು.

ಅಷ್ಟರಲ್ಲಿ ಗಂಡ ಅಪರೂಪಕ್ಕೆ ಬಾಯಿಬಿಟ್ಟ.

"ಪೂರ್ತಿ ಮುಚ್ಚಿಬಿಟ್ರೆ ನಾನು ಗೇರ್ ಹೇಗೆ ಬದಲಾಯಿಸ್ಲಿ? ನಾನು ಮೀಟರಿನ ಮುಳ್ಳು ನೋಡಿ ಓಡಿಸೋನಲ್ಲ. ಇಂಜಿನ್ ದನಿ ಕೇಳಿ ಓಡಿಸೋನು."

ಇದು ಯಾರ ತಲೆಗೂ ಹೊಳೆದಿರಲಿಲ್ಲ. ಟೈಲರಮ್ಮ ಯೋಚಿಸಿ, ಮುಚ್ಚಳದಲ್ಲಿ ಅವನ ಬದಿಗೆ ಫೆಲ್ಟಿನಲ್ಲಿ ಒಂದು ಅಂಗೈಯಗಲ ಕತ್ತರಿಸಿ ತೆಗೆದಳು. ಅಂಚಿಗೆ ಪಟ್ಟಿ ಕೊಟ್ಟು ಹೊಲಿದಳು.

"ಅದಕ್ಕೂ ಸ್ವಲ್ಪ ಮಾತಾಡೋಕೆ ಬಿಟ್ಟಿದ್ದೀನಿ. ಮೆತ್ತಗೆ, ನಿಮ್ಮ ಕಿವಿಗೆ ಮಾತ್ರ."

ಲೋಡು ಹೊರಟ ಬೆಳಗ್ಗೆ ಅತ್ತೆ ಗೇಟಿನವರೆಗೆ ಬಂದರು. ಟೈಲರಮ್ಮನ ಮಗಳು ಅಳಿಯ ಬಂದು ಮನೆ ತುಂಬಿತ್ತು, ಅಜ್ಜಿಗೆ ಪುರುಸೊತ್ತೇ ಇರಲಿಲ್ಲ. "ಬೇಗ ಬರಬೇಡಿ," ಎಂದರು, "ನಮಗೂ ನಾಲ್ಕು ದಿನ ಆರಾಮಾಗಿ ಇರೋಕೆ ಬಿಡಿ."

ಊರು ದಾಟಿತು. ರಸ್ತೆ ಅಗಲವಾಯಿತು, ಎರಡೂ ಬದಿಗೆ ಬಯಲು, ಎದುರಿಗೆ ಎಳೆಬಿಸಿಲು. ಇಂಜಿನ್ನು ಪಕ್ಕದ ಕೋಣೆಯಲ್ಲಿ ಯಾರೋ ಹಾಡು ಗುನುಗುತ್ತಿದ್ದಂತೆ ಕೇಳಿಸುತ್ತಿತ್ತು. ಟೈಲರಮ್ಮ ಮೆಲ್ಲಗೆ ಕೆಮ್ಮಿ ನೋಡಿದಳು. ಕೆಮ್ಮು ಚೆನ್ನಾಗಿ ಕೇಳಿಸಿತು. ಅವಳಿಗೆ ಅಳು ಬರುವಷ್ಟು ಹಿಗ್ಗಾಯಿತು. ಹೇಳಬೇಕೆಂದು ಕೂಡಿಟ್ಟ ಮಾತು ಒಂದೇ ಎರಡೇ? ಎಲ್ಲಿಂದ ಶುರು ಮಾಡಲಿ ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ಪಕ್ಕದಿಂದ ಒಂದು ದನಿ ಬಂತು.

"ನೋಡೇ, ಈ ಹೋಟೆಲಿನವನು ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದಾನೆ. ನೀಲಿ. ಹಸಿರೇ ಚೆನ್ನಾಗಿತ್ತು, ಅಲ್ವಾ?"

ಅವಳು ತಿರುಗಿದಳು. ಗಂಡ ರಸ್ತೆಯನ್ನೇ ನೋಡುತ್ತಿದ್ದ.

"ಚಹಾ ಮಾತ್ರ ಅದೇ ಕಷಾಯ. ನಿನ್ನ ಕೈ ಚಹಾ ಕುಡಿದೋನಿಗೆ ಇದು ಇಳಿಯುತ್ತಾ? ಈಗ ತಿರುವು ಬರುತ್ತೆ, ಹುಷಾರು, ಹಿಡ್ಕೋ. ಇಲ್ಲೇ ಆವತ್ತು ನವಿಲು ಅಡ್ಡ ಬಂದಿದ್ದು. ಹೇಳಿದ್ನಲ್ಲ."

ಅವಳು ಹಿಡಿದುಕೊಂಡಳು. ಲಾರಿ ತಿರುವು ದಾಟಿತು. ನವಿಲಿನ ವಿಷಯ ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಅದನ್ನು ಇಡೀ ಬೀದಿಗೆ ಹಂಚಿರುತ್ತಿದ್ದಳು. ಗಂಡ ತನ್ನಷ್ಟಕ್ಕೆ, ಬಹಳ ಸಲೀಸಾಗಿ, ಮುಂದಿನ ಸೇತುವೆಯ ಕಥೆ ಶುರು ಮಾಡಿದ್ದ.

"ರೀ," ಎಂದಳು ಅವಳು, ಮೆತ್ತಗೆ. "ಯಾರ ಹತ್ರ ಮಾತಾಡ್ತಿದ್ದೀರಿ?"

ಅವನು ಬೆಚ್ಚಿಬಿದ್ದ. ಲಾರಿಯೂ ಒಂಚೂರು ತೊನೆಯಿತು.

"ಮಾತಾಡಿದ್ನಾ? ಕೇಳಿಸ್ತಾ?"

"ಬಾಗಿಲಿನ ಬಣ್ಣದಿಂದ ಹಿಡಿದು ಎಲ್ಲ ಕೇಳಿಸ್ತು."

ಅವನ ಕಿವಿಗಳು ಕೆಂಪಾದವು. ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ ಹೇಳಿದ.

"ನಿನ್ನ ಹತ್ರಾನೇ ಕಣೇ. ಅಭ್ಯಾಸ ಆಗಿಹೋಗಿದೆ. ಮದುವೆ ಆದಾಗಿನಿಂದ."

"ನಾನು ಇಲ್ಲಿ ಇರ್ಲಿಲ್ವಲ್ಲ."

"ಇರ್ಲಿಲ್ಲ. ಆದ್ರೂ ಹೇಳ್ತಿದ್ದೆ. ಈ ಸದ್ದಲ್ಲಿ ಬಾಯಿಂದ ಬರ್ತಿತ್ತೋ ಮನಸ್ಸಲ್ಲೇ ಇರ್ತಿತ್ತೋ ನನಗೇ ಗೊತ್ತಾಗ್ತಿರಲಿಲ್ಲ. ಕಂಡಿದ್ದು, ತಿಂದಿದ್ದು, ಹೆದರಿದ್ದು, ಒಂದೂ ಬಿಡದೆ ಹೇಳ್ತಿದ್ದೆ." ಗೇರು ಬದಲಾಯಿಸಿದ. "ಮನೆಗೆ ಬರೋ ಹೊತ್ತಿಗೆ ನಿನಗೆ ಎಲ್ಲ ಹೇಳಿ ಮುಗಿದಿರ್ತಿತ್ತು. ಇನ್ನೇನು ಉಳೀತು ಅಂತ ಮಲಗಿಬಿಡ್ತಿದ್ದೆ."

ಟೈಲರಮ್ಮನ ಕಣ್ಣಿಗೆ ರಸ್ತೆ ಮಂಜುಮಂಜಾಯಿತು. ಸೆರಗು ಎಳೆದು ಒರೆಸಿಕೊಂಡಳು. ನಗುವೂ ಬಂತು, ಅಳುವೂ ಬಂತು, ಎರಡನ್ನೂ ಬೇರೆ ಬೇರೆ ಮಾಡುವ ಗೋಜಿಗೆ ಹೋಗಲಿಲ್ಲ. ತಾನು ಕೂಡಿಟ್ಟುಕೊಂಡು ಬಂದಿದ್ದ ಮಾತುಗಳನ್ನೆಲ್ಲ ಅವಳು ಒಂದು ಬದಿಗೆ ಸರಿಸಿದಳು. ಕಾಲು ಮಡಚಿ, ಸೀಟಿಗೆ ಬೆನ್ನು ಕೊಟ್ಟು, ಗಂಡನ ಕಡೆ ಪೂರ್ತಿ ತಿರುಗಿ ಕುಳಿತಳು.

"ಅದ್ಯಾವುದೂ ನನಗೆ ತಲುಪಿಲ್ಲ," ಎಂದಳು. "ಮೊದಲಿಂದ ಹೇಳಿ."

"ಎಲ್ಲಿಂದ?"

"ಮದುವೆ ಮುಗಿಸ್ಕೊಂಡು ಮೊದಲನೇ ಲೋಡಿಗೆ ಹೋದ್ರಲ್ಲ, ಆವತ್ತಿಂದ."

ಅವನು ಒಂದು ಕೈಯಿಂದ ಮೀಸೆಯಡಿಯ ನಗು ಒರೆಸಿಕೊಳ್ಳುತ್ತ, "ಆವತ್ತು ಬೆಳಗ್ಗೆ ನೀನು ಬಾಗಿಲಲ್ಲಿ ನಿಂತಿದ್ದೆ" ಎಂದು ಶುರು ಮಾಡಿದ. ಟೈಲರಮ್ಮ ಊಟದ ಹೊತ್ತಿನವರೆಗೆ ಒಂದೇ ಒಂದು ಮಾತೂ ಆಡಲಿಲ್ಲ.